ಒಂದಾದ ಮೇಲೊಂದು: ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು?



ಈ ಸಲದ ಗೋಡೆ ಪತ್ರಿಕೆಗೆ ಇಂಗ್ಲಿಷಿನ ಒಂದು ಕ್ರಿಯಾವಿಶೇಷಣವನ್ನು ಆರಿಸಿಕೊಂಡಿದ್ದೇನೆ. ಆ ಪದ ‘ಕನ್ಸೆಕ್ಯುಟಿವ್ಲಿ’. ಹೇಳೋಕೆ ನಾಲಿಗೆ ತೊಡರುತ್ತೆ ಅಂತ ಹೆದರಬೇಡಿ. ಕನ್-ಸೆ-ಕ್ಯು-ಟಿವ್-ಲಿ ಎಂದು ಐದು ತುಂಡು ಮಾಡಿ, ಎರಡನೇ ತುಂಡನ್ನು ಒತ್ತಿ ಹೇಳಿದರೆ ಎರಡೇ ದಿನದಲ್ಲಿ ಬಾಯಿಗೆ ಬರುತ್ತೆ. ಬರೆಯುವಾಗ ‘ಕನ್ಸೆಕ್ಯುಟಿವ್’ ಎಂಬ ಗುಣವಾಚಕದ ಕೊನೆಯಲ್ಲಿರುವ ‘ಇ’ ಅಕ್ಷರವನ್ನು ಬಿಡಬಾರದು. ಅದರ ಮುಂದೆಯೇ ‘ಎಲ್’ ಮತ್ತು ‘ವೈ’ ಸೇರಿಸಬೇಕು.

ಅರ್ಥ ಕೇಳಿದರೆ ನಾವೆಲ್ಲ ‘ಒಂದಾದ ಮೇಲೊಂದರಂತೆ’ ಅಥವಾ ‘ಸತತವಾಗಿ’ ಅಂತ ಬರೆದು ಮುಂದಿನ ಪದಕ್ಕೆ ಹೋಗ್ತೀವಿ. ಅದು ಸರಿಯೇ, ಆದರೆ ಅರ್ಧ ಮಾತ್ರ. ಈ ಪದ ಕಣ್ಣಿಗೆ ಬಿದ್ದ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಒಂದನೆಯದು, ಇಲ್ಲಿ ಎಣಿಸುತ್ತಿರುವುದು ಏನನ್ನು? ಎರಡನೆಯದು, ಆ ಎಣಿಕೆಯ ನಡುವೆ ಎಲ್ಲಾದರೂ ತಪ್ಪಿದೆಯೋ? ಈ ಎರಡು ಪ್ರಶ್ನೆ ಕಲಿತರೆ ಗಣಿತದಲ್ಲಿ ಮಾರ್ಕು ಸಿಗುತ್ತೆ, ಪೇಪರು ಓದಿದರೆ ಅರ್ಥ ಆಗುತ್ತೆ, ಪೀಣ್ಯದ ಕಡೆ ಕೆಲಸಕ್ಕೆ ಹೋಗುವ ನಮ್ಮ ಮನೆಯವರಿಗೂ ಉಪಯೋಗ ಆಗುತ್ತೆ. ಹೇಗೆ ಎಂಬುದನ್ನು ಮುಂದೆ ಓದಿ.

1. ಪದ ಎಲ್ಲಿಂದ ಬಂತು?

ಲ್ಯಾಟಿನ್ ಭಾಷೆಯಲ್ಲಿ ‘ಸೆಕ್ವಿ’ ಎಂದರೆ ಹಿಂಬಾಲಿಸು ಎಂದರ್ಥ. ‘ಕಾನ್’ ಎಂದರೆ ಜೊತೆಗೆ. ಬೆನ್ನಿಗೆ ಅಂಟಿಕೊಂಡು ಬರುವುದು ಎಂಬ ಭಾವ ಅಲ್ಲಿಂದ ಬಂದಿದೆ. ಕ್ರಮ ಎಂಬ ಅರ್ಥದ ‘ಸೀಕ್ವೆನ್ಸ್’, ಪರಿಣಾಮ ಎಂಬ ಅರ್ಥದ ‘ಕಾನ್ಸಿಕ್ವೆನ್ಸ್’ ಕೂಡ ಇದೇ ಬೇರಿನ ಪದಗಳು.

ಇದರ ಹತ್ತಿರದ ಇನ್ನೊಂದು ಪದ ‘ಸಕ್ಸೆಸಿವ್ಲಿ’. ಇದನ್ನು ನೋಡಿದರೆ ನಮಗೆ ‘ಸಕ್ಸೆಸ್’ ನೆನಪಾಗುತ್ತೆ. ಎರಡೂ ಒಂದೇ ಮನೆಯವೇ. ಇವುಗಳ ಮೂಲದಲ್ಲಿ ಹಿಂದಿನಿಂದ ಬರುವುದು, ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದು ಎಂಬ ಅರ್ಥವಿದೆ. ಒಂದು ಕೆಲಸದ ಹಿಂದೆ ಬರುವ ಫಲ ಎಂಬುದರಿಂದ ‘ಸಕ್ಸೆಸ್’ ಪದಕ್ಕೆ ಗೆಲುವು ಎಂಬ ಅರ್ಥ ನಿಂತಿತು.

2. ಎರಡಕ್ಕೂ ವ್ಯತ್ಯಾಸವೇನು?

‘ಸಕ್ಸೆಸಿವ್ಲಿ’ ಎಂದರೆ ಒಂದಾದ ಮೇಲೊಂದು ಬಂತು ಅಂತ ಮಾತ್ರ. ನಡುವೆ ಎಷ್ಟು ಅಂತರ ಇತ್ತು ಎಂದು ಅದು ಅಷ್ಟಾಗಿ ಕೇಳುವುದಿಲ್ಲ. ‘ಕನ್ಸೆಕ್ಯುಟಿವ್ಲಿ’ ಹಾಗಲ್ಲ, ನಡುವೆ ಒಂದೂ ತಪ್ಪಬಾರದು.

ನಮ್ಮ ಕಡೆಯ ಕೆರೆಗಳನ್ನೇ ನೋಡಿ. ಹಿಂದಿನವರು ಕೆರೆಗಳನ್ನು ಸರಪಣಿಯ ಹಾಗೆ ಕಟ್ಟಿದ್ದಾರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮೊದಲ ಕೆರೆ ಆಗಸ್ಟಿನಲ್ಲಿ ತುಂಬಬಹುದು, ಎರಡನೆಯದು ಅಕ್ಟೋಬರಿನಲ್ಲಿ ತುಂಬಬಹುದು. ಆದರೂ ಕೆರೆಗಳು ‘ಸಕ್ಸೆಸಿವ್ಲಿ’ ತುಂಬಿದವು ಎನ್ನಬಹುದು. ಒಂದು ಶಾಲೆಗೆ ಮೂವರು ಹೆಡ್‌ಮಾಸ್ಟರು ಒಬ್ಬರಾದ ಮೇಲೊಬ್ಬರು ಬಂದರು, ನಡುವೆ ನಾಲ್ಕು ತಿಂಗಳು ಆ ಕುರ್ಚಿ ಖಾಲಿ ಇತ್ತು ಅಂದುಕೊಳ್ಳಿ. ಅಲ್ಲೂ ‘ಸಕ್ಸೆಸಿವ್ಲಿ’ ನಡೆಯುತ್ತೆ.

ಈಗ ಕ್ರಿಕೆಟ್ಟಿಗೆ ಬನ್ನಿ. ಕರ್ನಾಟಕ ತಂಡ 1995-96, 1997-98, 1998-99ರಲ್ಲಿ ರಣಜಿ ಟ್ರೋಫಿ ಗೆದ್ದಿತು. ನಡುವಿನ 1996-97ರಲ್ಲಿ ಗೆದ್ದದ್ದು ಮುಂಬೈ. ಆದ್ದರಿಂದ ‘ಮೂರು ವರ್ಷ ಕನ್ಸೆಕ್ಯುಟಿವ್ಲಿ ಗೆದ್ದಿತು’ ಎಂದು ಬರೆದರೆ ತಪ್ಪು. ಕೊನೆಯ ಎರಡು ಗೆಲುವಿಗೆ ಮಾತ್ರ ಆ ಪದ ಸಲ್ಲುತ್ತದೆ.

ಇಂಗ್ಲಿಷಿನವರೂ ಎಷ್ಟೋ ಕಡೆ ಈ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ನಡುವೆ ತಪ್ಪಿಲ್ಲ ಅಂತ ಗಟ್ಟಿಯಾಗಿ ಹೇಳಬೇಕಾದ ಜಾಗದಲ್ಲಿ ‘ಕನ್ಸೆಕ್ಯುಟಿವ್ಲಿ’ಯನ್ನೇ ಹಾಕುವುದು ಕ್ಷೇಮ.

3. ಎಣಿಸುತ್ತಿರುವುದು ಏನನ್ನು?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಗಣಿತದಿಂದ ಶುರು ಮಾಡೋಣ. ಎರಡು ‘ಕನ್ಸೆಕ್ಯುಟಿವ್’ ಬೆಸ ಸಂಖ್ಯೆಗಳ ವರ್ಗಗಳ ಮೊತ್ತ 290. ಆ ಸಂಖ್ಯೆಗಳು ಯಾವುವು? ಒಂದರ ಮುಂದಿನದು ಅಂದ ತಕ್ಷಣ ಎಕ್ಸ್ ಮತ್ತು ಎಕ್ಸ್ ಪ್ಲಸ್ 1 ಎಂದು ತೆಗೆದುಕೊಂಡರೆ ಲೆಕ್ಕ ಬಿಡಿಸೋಕೇ ಬರಲ್ಲ. ಇಲ್ಲಿ ಎಣಿಸುತ್ತಿರುವುದು ಬೆಸ ಸಂಖ್ಯೆಗಳನ್ನು ಮಾತ್ರ. ಹಾಗಾಗಿ ಎಕ್ಸ್ ಮತ್ತು ಎಕ್ಸ್ ಪ್ಲಸ್ 2 ಎಂದು ಇಟ್ಟುಕೊಳ್ಳಬೇಕು. ಉತ್ತರ 11 ಮತ್ತು 13. ಒಂದರ ವರ್ಗ 121, ಇನ್ನೊಂದರದು 169, ಕೂಡಿದರೆ 290. ನಡುವೆ 12 ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಅದು ಸಮ ಸಂಖ್ಯೆ, ಈ ಸಾಲಿಗೆ ಸೇರಿದ್ದಲ್ಲ.

ಇದೇ ಮಾತು ಹ್ಯಾಟ್ರಿಕ್ಕಿಗೂ ಅನ್ವಯ. ಹ್ಯಾಟ್ರಿಕ್ ಎಂದರೆ ಒಬ್ಬ ಬೌಲರ್ ತನ್ನ ಮೂರು ‘ಕನ್ಸೆಕ್ಯುಟಿವ್’ ಬಾಲುಗಳಲ್ಲಿ ಮೂರು ವಿಕೆಟ್ ತೆಗೆಯುವುದು. 1987ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ ನಾಗಪುರದಲ್ಲಿ ಚೇತನ್ ಶರ್ಮಾ ಒಂದೇ ಓವರಿನಲ್ಲಿ ಮೂವರನ್ನು ಬೌಲ್ಡ್ ಮಾಡಿದರು. ಅದು ಯಾರಿಗಾದರೂ ಅರ್ಥವಾಗುತ್ತೆ. 2017ರ ಡಿಸೆಂಬರಿನಲ್ಲಿ ಅದೇ ನಾಗಪುರದಲ್ಲಿ ನಮ್ಮ ದಾವಣಗೆರೆಯ ಆರ್. ವಿನಯ್ ಕುಮಾರ್ ರಣಜಿ ಪಂದ್ಯದಲ್ಲಿ ಮುಂಬೈ ಮೇಲೆ ಹ್ಯಾಟ್ರಿಕ್ ತೆಗೆದರು. ಮೊದಲ ವಿಕೆಟ್ ಅವರ ಮೊದಲ ಓವರಿನ ಕೊನೇ ಬಾಲಿನಲ್ಲಿ, ಉಳಿದೆರಡು ಅವರ ಮುಂದಿನ ಓವರಿನ ಮೊದಲೆರಡು ಬಾಲಿನಲ್ಲಿ ಬಿದ್ದವು. ನಡುವೆ ಇನ್ನೊಬ್ಬ ಬೌಲರ್ ಒಂದು ಇಡೀ ಓವರ್ ಹಾಕಿದ್ದರು. ಆದರೂ ಅದು ಹ್ಯಾಟ್ರಿಕ್ಕೇ. ಯಾಕೆಂದರೆ ಎಣಿಸುವುದು ಆ ಬೌಲರಿನ ಬಾಲುಗಳನ್ನು, ಪಂದ್ಯದ ಬಾಲುಗಳನ್ನಲ್ಲ.

ಇನ್ನೂ ಹತ್ತಿರದ ಉದಾಹರಣೆ ನಮ್ಮೂರ ರೈಲು. ತುಮಕೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಚಿಕ್ಕಬಾಣಾವರದಲ್ಲಿ ನಿಲ್ಲುತ್ತೆ. ಯಶವಂತಪುರ ಬಿಟ್ಟರೆ ನೇರ ತುಮಕೂರಿನಲ್ಲೇ ನಿಲ್ಲುವ ಒಂದು ಎಕ್ಸ್‌ಪ್ರೆಸ್ ನಮ್ಮ ಪ್ಲಾಟ್‌ಫಾರಂ ನಡುಗಿಸಿಕೊಂಡು ಹೋಯಿತು ಎಂದುಕೊಳ್ಳಿ. ಆ ಎಕ್ಸ್‌ಪ್ರೆಸ್ಸಿಗೆ ಯಶವಂತಪುರ, ತುಮಕೂರು ಎರಡೂ ‘ಕನ್ಸೆಕ್ಯುಟಿವ್’ ನಿಲುಗಡೆಗಳು. ಆದರೆ ಹಳಿಯ ಮೇಲೆ ಅವು ‘ಕನ್ಸೆಕ್ಯುಟಿವ್’ ಸ್ಟೇಷನ್ನುಗಳಲ್ಲ, ನಡುವೆ ನಾವಿದ್ದೇವೆ! ನಿಲುಗಡೆ ಎಣಿಸುತ್ತಿದ್ದೀವೋ, ಸ್ಟೇಷನ್ ಎಣಿಸುತ್ತಿದ್ದೀವೋ ಎಂಬುದರ ಮೇಲೆ ಉತ್ತರ ಬದಲಾಗುತ್ತೆ.

4. ‘ಕಂಟಿನ್ಯುಅಸ್ಲಿ’ ಬೇರೆ

ಕನ್ನಡದಲ್ಲಿ ‘ಸತತ’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತೆ. ‘ಸತತ ಮೂರು ಗಂಟೆ ಮಳೆ ಬಂತು’ ಎಂದರೆ ಮಳೆ ನಿಲ್ಲಲೇ ಇಲ್ಲ ಎಂದರ್ಥ. ‘ಸತತ ಮೂರು ದಿನ ಶಾಲೆಗೆ ಬಂದಳು’ ಎಂದರೆ ದಿನಾ ಬಂದಳು, ಸಾಯಂಕಾಲ ಮನೆಗೂ ಹೋದಳು! ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಕಂಟಿನ್ಯುಅಸ್ಲಿ’ ಎನ್ನಬೇಕು. ಎರಡನೆಯದಕ್ಕೆ ‘ಕನ್ಸೆಕ್ಯುಟಿವ್ಲಿ’. ಹರಿಯುವ ವಸ್ತುವಿಗೆ ಒಂದು, ಎಣಿಸುವ ವಸ್ತುವಿಗೆ ಇನ್ನೊಂದು ಅಂತ ನೆನಪಿಟ್ಟುಕೊಂಡರೆ ಸುಲಭ.

5. ಕಾರ್ಖಾನೆ ನೋಟೀಸಿನಲ್ಲಿ ಈ ಪದ

ನಮ್ಮ ತರಗತಿಯಲ್ಲಿ ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸಿಗೆ ಹೋಗುವವರ ಮಕ್ಕಳು ಬಹಳ ಮಂದಿ ಇದ್ದೇವೆ. ಆದ್ದರಿಂದ ಇದನ್ನು ಗಮನವಿಟ್ಟು ಓದಿ.

ನಮ್ಮ ಬೀದಿಯ ಒಬ್ಬ ಅಣ್ಣ ಆ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರ ತಾಯಿಗೆ ಹುಷಾರಿಲ್ಲದೆ ಒಂದು ತಿಂಗಳಲ್ಲಿ ಕೆಲವು ದಿನ ಡ್ಯೂಟಿಗೆ ಹೋಗಿರಲಿಲ್ಲ. ಅಷ್ಟರಲ್ಲಿ ಅಲ್ಲಿ ಒಂದು ಇಂಗ್ಲಿಷ್ ನೋಟೀಸ್ ಹಾಕಿದರು. ಹೇಳದೆ ಕೇಳದೆ ಎಂಟು ‘ಕನ್ಸೆಕ್ಯುಟಿವ್ ಡೇಸ್’ ಬಾರದವರ ಹೆಸರು ತೆಗೆಯಲಾಗುವುದು ಎಂಬುದು ಅದರ ಸಾರಾಂಶ. ಜೊತೆಯವರು ಯಾರೋ, “ನಿಂದೂ ಎಂಟು ದಿನ ಆಯ್ತಲ್ಲ, ಕೆಲ್ಸ ಹೋಯ್ತು ಬಿಡು” ಅಂದುಬಿಟ್ಟರು. ಅಣ್ಣ ಅದನ್ನೇ ನಂಬಿ ಮನೆಯಲ್ಲೇ ಕೂತಿದ್ದರು. ನೋಟೀಸಿನ ಫೋಟೋ ಅವರ ಫೋನಿನಲ್ಲಿತ್ತು. “ಪುಟ್ಟಿ, ನೀನು ಇಂಗ್ಲಿಷ್ ಓದ್ತೀಯಲ್ಲ, ಇದೇನು ಅಂತ ಸ್ವಲ್ಪ ನೋಡವ್ವ” ಅಂತ ನನಗೆ ತೋರಿಸಿದರು.

ನಾನು “ಅಣ್ಣಾ, ಯಾವ್ಯಾವ ತಾರೀಖು ಹೋಗಿಲ್ಲ ಹೇಳಿ” ಅಂದೆ. 3ರಿಂದ 6ರವರೆಗೆ ನಾಲ್ಕು ದಿನ ಹೋಗಿರಲಿಲ್ಲ. 7ನೇ ತಾರೀಖು ಶನಿವಾರ ಹೋಗಿ ಪೂರ್ತಿ ಶಿಫ್ಟ್ ಮಾಡಿದ್ದರು. 8 ಭಾನುವಾರ. ಮತ್ತೆ 9ರಿಂದ 12ರವರೆಗೆ ನಾಲ್ಕು ದಿನ ಹೋಗಿರಲಿಲ್ಲ. ಒಟ್ಟು ಎಂಟು ದಿನ ಹೌದು. ಆದರೆ ಶನಿವಾರದ ಹಾಜರಿ ನಡುವೆ ಇದೆಯಲ್ಲ, ಅಲ್ಲಿಗೆ ಸರಪಣಿ ಕಡಿಯಿತು. ‘ಕನ್ಸೆಕ್ಯುಟಿವ್’ ಲೆಕ್ಕದಲ್ಲಿ ನಾಲ್ಕು ಮತ್ತು ನಾಲ್ಕೇ, ಎಂಟಲ್ಲ. ನಮ್ಮ ಇಂಗ್ಲಿಷ್ ಮೇಷ್ಟ್ರೂ ನೋಟೀಸ್ ಓದಿ ಹಾಗೇ ಹೇಳಿದರು. ಅಣ್ಣ ಮಾರನೇ ದಿನ ಡ್ಯೂಟಿಗೆ ಹೋದರು. ಮೇಲಿನವರು ಬೈದರಂತೆ, ಬಾರದ ದಿನಗಳ ಸಂಬಳ ಹಿಡಿದುಕೊಂಡರಂತೆ. ಕೆಲಸ ಮಾತ್ರ ಉಳಿಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಶನಿವಾರವೂ ಅವರು ಹೋಗಿರದಿದ್ದರೆ? ಆಗ ನಡುವಿನ ಭಾನುವಾರವನ್ನು ಹೇಗೆ ಲೆಕ್ಕ ಹಾಕಬೇಕು? ಎಣಿಸುವುದು ಕ್ಯಾಲೆಂಡರಿನ ದಿನಗಳನ್ನೋ, ಕೆಲಸದ ದಿನಗಳನ್ನೋ ಎಂಬುದನ್ನು ನಿಯಮವೇ ಹೇಳಬೇಕು. ಹೇಳಿಲ್ಲವಾದರೆ ಹೋಗಿ ಕೇಳಬೇಕು. ವಿನಯ್ ಕುಮಾರ್ ಅವರ ಎರಡು ಓವರಿನ ನಡುವಿನ ಓವರ್ ನೆನಪಿಸಿಕೊಳ್ಳಿ, ಪ್ರಶ್ನೆ ಅದೇ.

ಈ ಪದ ಕೆಲಸಗಾರರ ಪರವಾಗಿಯೂ ನಿಂತಿತ್ತು ಎಂಬುದನ್ನು ತಿಳಿಯಬೇಕು. 1948ರ ಕಾರ್ಖಾನೆಗಳ ಕಾಯ್ದೆಯ 52ನೇ ಕಲಮಿನಲ್ಲಿ ವಾರದ ರಜೆಯ ವಿಷಯ ಇತ್ತು. ಭಾನುವಾರ ಕೆಲಸ ಮಾಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ತಿ ದಿನ ರಜೆ ಕೊಡಬೇಕು. ಆದರೆ ಹೀಗೆ ಬದಲಿಸುವಾಗ ಯಾರೂ ಹತ್ತು ದಿನಕ್ಕಿಂತ ಹೆಚ್ಚು ‘ಕನ್ಸೆಕ್ಯುಟಿವ್ಲಿ’ ದುಡಿಯುವಂತೆ ಆಗಬಾರದು ಎಂದು ಅಲ್ಲಿ ಬರೆದಿತ್ತು.

ಲೆಕ್ಕ ಮಾಡಿ ನೋಡೋಣ. 8 ಮತ್ತು 15 ಭಾನುವಾರಗಳು. 8ರ ಬದಲು 5ನೇ ತಾರೀಖು ಗುರುವಾರ ರಜೆ ಕೊಟ್ಟರು. 15ರ ಬದಲು 18ನೇ ತಾರೀಖು ಬುಧವಾರ ಕೊಟ್ಟರು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಮೂರು ದಿನದೊಳಗೇ ಇವೆ, ಸರಿಯಾಗೇ ಕಾಣುತ್ತೆ. ಆದರೆ 6ರಿಂದ 17ರವರೆಗೆ ಎಣಿಸಿ. ಹನ್ನೆರಡು ದಿನ ಬಿಡುವೇ ಇಲ್ಲದ ದುಡಿಮೆ! ಕಾಯ್ದೆ ಇದನ್ನು ಒಪ್ಪುತ್ತಿರಲಿಲ್ಲ. ಅಲ್ಲಿ ಬರೀ ‘ಒಂದಾದ ಮೇಲೊಂದು’ ಎಂಬಂಥ ಸಡಿಲ ಪದ ಇದ್ದಿದ್ದರೆ ಈ ತಡೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2020ರ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಹಾಗಾಗಿ ಇದನ್ನು ಪದ ಕಲಿಯುವ ಪಾಠವಾಗಿ ಇಟ್ಟುಕೊಳ್ಳಿ, ಇವತ್ತಿನ ನಿಯಮಕ್ಕೆ ಹೊಸ ಸಂಹಿತೆಯನ್ನೇ ನೋಡಬೇಕು.

6. ಸಂವಿಧಾನದಲ್ಲೂ ಇದೇ ಪದ

ಸಂಸತ್ತಿನ ಸದಸ್ಯರಲ್ಲದವರೂ ಮಂತ್ರಿ ಆಗಬಹುದು. ಆದರೆ ಆರು ‘ಕನ್ಸೆಕ್ಯುಟಿವ್’ ತಿಂಗಳು ಸದಸ್ಯರಾಗದೇ ಇದ್ದರೆ ಪದವಿ ಹೋಗುತ್ತದೆ ಎಂದು ನಮ್ಮ ಸಂವಿಧಾನದ 75ನೇ ವಿಧಿ ಹೇಳುತ್ತದೆ. ರಾಜ್ಯದ ಮಂತ್ರಿಗಳಿಗೆ 164ನೇ ವಿಧಿಯಲ್ಲಿ ಇಂಥದ್ದೇ ಮಾತಿದೆ. ನಮ್ಮ ರಾಜ್ಯದ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿ ಹೋದರು. ಆರು ತಿಂಗಳು ತುಂಬುವ ಮೊದಲೇ ಕೆಲಸ ಆಯಿತು.

ಆರು ತಿಂಗಳು ತುಂಬುವ ಹೊತ್ತಿಗೆ ರಾಜೀನಾಮೆ ಕೊಟ್ಟು, ಚುನಾವಣೆ ಗೆಲ್ಲದೆ ಮತ್ತೆ ಮಂತ್ರಿಯಾದರೆ ಎಣಿಕೆ ಮೊದಲಿಂದ ಶುರುವಾಗುತ್ತೋ? ಪಂಜಾಬಿನಲ್ಲಿ ಹೀಗೊಂದು ಪ್ರಕರಣ ನಡೆದು ಸುಪ್ರೀಂ ಕೋರ್ಟಿಗೆ ಹೋಯಿತು. ಒಂದೇ ವಿಧಾನಸಭೆಯ ಅವಧಿಯಲ್ಲಿ ಹಾಗೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟು 2001ರಲ್ಲಿ ತೀರ್ಪು ಕೊಟ್ಟಿತು. ನಿಯಮದ ಉದ್ದೇಶ ತಪ್ಪಿಸಲೆಂದೇ ನಡುವೆ ಅಂತರ ಬಿಟ್ಟು, ಸರಪಣಿ ಕಡಿದ ಹಾಗೆ ತೋರಿಸಿದರೆ ಸಾಲದು ಎಂಬ ಪಾಠ ಇದರಲ್ಲಿದೆ.

ಕೋರ್ಟಿನ ಸುದ್ದಿಯಲ್ಲಿ ಈ ಪದದ ಎದುರು ಪದವೂ ಬರುತ್ತೆ, ‘ಕನ್‌ಕರೆಂಟ್ಲಿ’. ಅಂದರೆ ಏಕಕಾಲಕ್ಕೆ. ಒಬ್ಬನಿಗೆ ಎರಡು ಅಪರಾಧಕ್ಕೆ ಎರಡು ವರ್ಷ ಮತ್ತು ಮೂರು ವರ್ಷ ಜೈಲು ಎಂದಿಟ್ಟುಕೊಳ್ಳಿ. ‘ಕನ್ಸೆಕ್ಯುಟಿವ್ಲಿ’ ಎಂದರೆ ಒಟ್ಟು ಐದು ವರ್ಷ. ‘ಕನ್‌ಕರೆಂಟ್ಲಿ’ ಎಂದರೆ ಎರಡೂ ಜೊತೆಯಲ್ಲೇ ನಡೆದು ಮೂರೇ ವರ್ಷ. ಒಂದು ಪದಕ್ಕೆ ಎರಡು ವರ್ಷದ ವ್ಯತ್ಯಾಸ!

7. ‘ಕ್ರಮವಾಗಿ’ ಎಂಬ ಪೇಚಾಟ

ನಮ್ಮ ‘ಕ್ರಮವಾಗಿ’ ಎಂಬ ಪದ ಇನ್ನೊಂದು ಕಡೆ ಮೋಸ ಮಾಡುತ್ತೆ. ‘ತುಮಕೂರು ಮತ್ತು ಹಾಸನದ ರೈಲು ಮಾರ್ಗಗಳಲ್ಲಿ ಕ್ರಮವಾಗಿ ಕ್ಯಾತ್ಸಂದ್ರ ಮತ್ತು ಕುಣಿಗಲ್ ಸ್ಟೇಷನ್ ಬರುತ್ತವೆ’ ಎಂಬ ವಾಕ್ಯ ನೋಡಿ. ಇಲ್ಲಿ ಒಂದಾದ ಮೇಲೊಂದು ಬರುವ ಮಾತೇ ಇಲ್ಲ. ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಜೋಡಿ ಮಾಡುವುದಷ್ಟೇ. ಇದಕ್ಕೆ ಇಂಗ್ಲಿಷಿನಲ್ಲಿ ‘ರೆಸ್ಪೆಕ್ಟಿವ್ಲಿ’ ಎನ್ನಬೇಕು, ‘ಕನ್ಸೆಕ್ಯುಟಿವ್ಲಿ’ ಹಾಕಬಾರದು.

8. ವಾಕ್ಯದಲ್ಲಿ ಎಲ್ಲಿ ಇಡಬೇಕು?

ಕನ್ನಡದಲ್ಲಿ ನಾವು ‘ಸತತವಾಗಿ ಹತ್ತು ದಿನ’ ಎನ್ನುತ್ತೇವೆ. ಅದೇ ಜಾಡಿನಲ್ಲಿ ‘ಕನ್ಸೆಕ್ಯುಟಿವ್ಲಿ ಟೆನ್ ಡೇಸ್’ ಎಂದು ಬರೆದರೆ ಇಂಗ್ಲಿಷಿನಲ್ಲಿ ಸೊಟ್ಟಗೆ ಕಾಣುತ್ತೆ. ‘ಟೆನ್ ಡೇಸ್ ಕನ್ಸೆಕ್ಯುಟಿವ್ಲಿ’ ಎಂದು ಹಿಂದಕ್ಕೆ ಇಡಿ. ಇಲ್ಲವೇ ಗುಣವಾಚಕ ಮಾಡಿ ‘ಫಾರ್ ಟೆನ್ ಕನ್ಸೆಕ್ಯುಟಿವ್ ಡೇಸ್’ ಎನ್ನಿ, ಅದು ಇನ್ನೂ ಚೆನ್ನ.

ದಿನಚರಿ ಹೇಳುವುದಕ್ಕೆ ಈ ದೊಡ್ಡ ಪದ ಬೇಡವೇ ಬೇಡ. ಕನ್ನಡದಲ್ಲಿ ‘ಎದ್ದು, ಮುಖ ತೊಳೆದು, ತಿಂಡಿ ತಿಂದು ಶಾಲೆಗೆ ಬಂದೆ’ ಎನ್ನುತ್ತೇವೆ. ಕ್ರಮವೆಲ್ಲ ಕೃದಂತಾವ್ಯಯದಲ್ಲೇ ಅಡಗಿದೆ, ಬೇರೆ ಪದ ಬೇಕಿಲ್ಲ. ಇಂಗ್ಲಿಷಿನಲ್ಲಿ ಅಲ್ಲಿ ‘ದೆನ್’ ಅಥವಾ ‘ಆಫ್ಟರ್ ದಟ್’ ಸಾಕು. ‘ಕನ್ಸೆಕ್ಯುಟಿವ್ಲಿ’ಯನ್ನು ಒಂದೇ ಜಾತಿಯ ವಸ್ತುಗಳನ್ನು ಎಣಿಸುವ ಜಾಗಕ್ಕೆ ಇಟ್ಟುಕೊಳ್ಳಿ: ದಿನ, ವರ್ಷ, ಬಾಲು, ಪುಟ, ರೋಲ್ ನಂಬರ್.

ಅಭ್ಯಾಸ

ಬಿಟ್ಟ ಸ್ಥಳಕ್ಕೆ ಯಾವ ಪದ ಸರಿ? ಮೊದಲು ನೀವೇ ಯೋಚಿಸಿ, ಆಮೇಲೆ ಕೆಳಗೆ ನೋಡಿ.

ಅ) ಕರ್ನಾಟಕ ತಂಡ 2013-14 ಮತ್ತು 2014-15ರಲ್ಲಿ ರಣಜಿ ಟ್ರೋಫಿಯನ್ನು ______ ಗೆದ್ದಿತು.
ಆ) ನಲ್ಲಿ ನಿಲ್ಲಿಸದೆ ರಾತ್ರಿಯೆಲ್ಲ ನೀರು ______ ಹರಿಯಿತು.
ಇ) ಚಿನ್ನ ಮತ್ತು ಬೆಳ್ಳಿಯ ಸಂಕೇತಗಳು ______ ‘ಎಯು’ ಮತ್ತು ‘ಎಜಿ’.
ಈ) ಮೂರು ಕೆರೆಗಳು ತಿಂಗಳು ತಿಂಗಳು ಬಿಟ್ಟು ______ ತುಂಬಿದವು.
ಉ) ಒಬ್ಬ ವಿದ್ಯಾರ್ಥಿ 2, 3, 4ನೇ ತಾರೀಖು ಬರಲಿಲ್ಲ. 5ರಂದು ಬಂದ. 6, 7 ಬರಲಿಲ್ಲ. ಹೆಚ್ಚೆಂದರೆ ಎಷ್ಟು ‘ಕನ್ಸೆಕ್ಯುಟಿವ್’ ದಿನ ಬಂದಿಲ್ಲ?
ಊ) ಎರಡು ‘ಕನ್ಸೆಕ್ಯುಟಿವ್’ ಬೆಸ ಸಂಖ್ಯೆಗಳ ಮೊತ್ತ 36. ಅವು ಯಾವುವು?

ಉತ್ತರಗಳು: ಅ) ಕನ್ಸೆಕ್ಯುಟಿವ್ಲಿ. ಆ) ಕಂಟಿನ್ಯುಅಸ್ಲಿ. ಇ) ರೆಸ್ಪೆಕ್ಟಿವ್ಲಿ. ಈ) ಸಕ್ಸೆಸಿವ್ಲಿ. ಉ) ಮೂರು ದಿನ. ಊ) 17 ಮತ್ತು 19.

ಗೆಳೆಯ ಗೆಳತಿಯರೇ, ನಿಮ್ಮ ಮನೆಗೆ ಬರುವ ಇಂಗ್ಲಿಷ್ ಕಾಗದದಲ್ಲಿ ಈ ಪದ ಕಂಡರೆ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತನ್ನಿ. ಏನನ್ನು ಎಣಿಸಿದ್ದಾರೆ, ನಡುವೆ ತಪ್ಪಿದೆಯೋ ಇಲ್ಲವೋ ಅಂತ ಊಟದ ಬಿಡುವಿನಲ್ಲಿ ಕೂತು ನೋಡೋಣ. ನಮಗೆ ತಿಳಿಯದಿದ್ದರೆ ಮೇಷ್ಟ್ರು ಇದ್ದೇ ಇದ್ದಾರೆ.

ಇಂತಿ,
ನಿಮ್ಮ ಸಹಪಾಠಿ, ಹತ್ತನೇ ತರಗತಿ